ನಲವತ್ತು ಹಲ್ಲಿನ ಲೆಕ್ಕ

ತುಮಕೂರು
೧೨-೯-೨೦೨೪

ಗೆಳೆಯ ಕರಿಬಸವಯ್ಯನಿಗೆ ಅಡವಿಯಪ್ಪನ ಶರಣು.

ನೀನು ಕೆಲಸ ಬಿಟ್ಟು ಕುಣಿಗಲ್ಲಿಗೆ ಹೋಗಿ ಎಂಟು ತಿಂಗಳಾಯಿತು, ಇದೇ ನನ್ನ ಮೊದಲ ಕಾಗದ. ಬೈದುಕೋ, ಬೈಸಿಕೊಳ್ಳುವುದಕ್ಕೆ ಲಾಯಕ್ಕಾದವನೇ ನಾನು. ಮೊನ್ನೆ ನನ್ನ ಹೆಂಡತಿ, "ಕರಿಬಸಣ್ಣ ಇದ್ದಿದ್ರೆ ಈ ಮಿಕ್ಸಿ ಇಷ್ಟೊತ್ಗೆ ತಿರುಗ್ತಿತ್ತು" ಅಂದಳು. ಏಟು ಯಾರಿಗೆಂದು ನಿನಗೆ ಗೊತ್ತು.

ಗಿಯರ್ ಕಡಿಯುತ್ತಿದ್ದ ನಮ್ಮ ಹಳೇ ಮಿಷನ್ನನ್ನು ಓನರ್ ಸೋಮಶೇಖರ್ ಗುಜರಿಗೆ ಹಾಕಿದರು. ಕ್ರೇನ್ ಎತ್ತುವಾಗ ನಾನು ಹೊರಗೆ ಬಂದುಬಿಟ್ಟೆ. ಅದರಲ್ಲಿ ಹಲ್ಲು ಕೊರೆಯುವ ಕಟರಿಗೂ ಗಿಯರ್ ಕೂತು ತಿರುಗುವ ಟೇಬಲ್ಲಿಗೂ ಕಬ್ಬಿಣದ ನಂಟು. ಕಟರ್ ನಲವತ್ತು ಸುತ್ತಿದರೆ ಟೇಬಲ್ ಒಂದು ಸುತ್ತು, ನಲವತ್ತು ಹಲ್ಲು. ನಡುವೆ ನಿಲ್ಲಿಸಿ, ಟೀ ಕುಡಿದು ಬಂದು ಚಾಲೂ ಮಾಡಿದರೂ ನಂಟು ಬಿಡುತ್ತಿರಲಿಲ್ಲ. ಈ ಹೊಸ ಸಿಎನ್‌ಸಿ ಮಿಷನ್ನಿನಲ್ಲಿ ಎರಡನ್ನೂ ಕೂಡಿಸುವುದು ಕಂಪ್ಯೂಟರ್. ತಟ್ಟನೆ ನಿಲ್ಲಿಸುವ ಕೆಂಪು ಬಟನ್ ಒತ್ತಿದರೆ ಅದೊಂದು ಕಡೆ, ಇದೊಂದು ಕಡೆ. ಮೊದಲಿನಿಂದ ಹೊಂದಿಸದೆ ಓಡಿಸಿದರೆ ಹಲ್ಲಿನ ಮೇಲೆ ಹಲ್ಲು ಬಿದ್ದು ಗಿಯರ್ ಹಾಳು. ಮೂವತ್ತು ವರ್ಷ ಹಳೇದರಲ್ಲಿ ಪಳಗಿದ ಕೈಗೆ ಇದೆಲ್ಲಿ ನೆನಪಿರಬೇಕು!

ಈ ಹೊಸದರಲ್ಲಿ ಆ ದೊಡ್ಡ ಗಿಯರ್ ಕೆಟ್ಟ ದಿನ ಸೋಮಶೇಖರ್ "ಹಲ್ಲಿನ ಲೆಕ್ಕ ಹಾಕಿದ್ದು ಯಾರ್ರೀ?" ಅಂದದ್ದು, ನೀನು "ನಾನೇ ಸಾರ್" ಎಂದು ತಲೆ ತಗ್ಗಿಸಿದ್ದು, ಮಾರನೇ ದಿನ ಊಟದ ಡಬ್ಬಿ, ಕನ್ನಡಕ ಎತ್ತಿಕೊಂಡು ಹೊರಟದ್ದು ಕಣ್ಣಿಂದ ಹೋಗುತ್ತಿಲ್ಲ.

ಹೋದ ವಾರ ನಿನ್ನ ಮನೆಯವರು, ಸಿದ್ದಲಕ್ಷ್ಮಮ್ಮ, ಫೋನಿನಲ್ಲಿ ಅತ್ತರು. ಕುಣಿಗಲ್ಲಿನ ವರ್ಕ್‌ಶಾಪಿನವರು ತಾವಾಗಿ ಕರೆದರೂ ನೀನು ಹೋಗಲಿಲ್ಲವಂತೆ. "ನಂಗೆ ಲೆಕ್ಕ ತಪ್ತಾ ಅದೆ ಕಣೇ" ಎನ್ನುತ್ತೀಯಂತೆ. ಮನೆಯ ಬೀಗವನ್ನೂ ಮೂರು ಮೂರು ಸಲ ಎಳೆದು ನೋಡುತ್ತೀಯಂತೆ. ಕೇಳಿ ಅವತ್ತು ಊಟ ಸೇರಲಿಲ್ಲ.

ಎಡೆಯೂರು ಸಿದ್ಧಲಿಂಗೇಶ್ವರ ನಿನಗೆ ನೆಮ್ಮದಿ ಕೊಡಲಿ. ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು.

ಇಂತಿ ನಿನ್ನ
ಅಡವಿಯಪ್ಪ

ತಾ.ಕ.: ಇದಕ್ಕೇ ಪೆನ್ನು ಹಿಡಿದದ್ದು, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಗಿಯರ್ ಕೆಟ್ಟ ದಿನ ನೀನು ಟೀಗೆ ಹೋದಾಗ, ಕಟರಿಗೆ ಕಬ್ಬಿಣದ ಸುರುಳಿ ಸುತ್ತಿಕೊಂಡಿತೆಂದು ಕೆಂಪು ಬಟನ್ ಒತ್ತಿದವನು ನಾನು. ಹಳೇ ಅಭ್ಯಾಸದಲ್ಲಿ, ಹೊಂದಿಸದೆ ಹಾಗೇ ಮತ್ತೆ ಓಡಿಸಿದವನೂ ನಾನೇ. ಹೆದರಿ ಬಾಯಿ ಬಿಡಲಿಲ್ಲ. ಈಗ ಸೋಮಶೇಖರ್‌ಗೆ ಹೇಳಿದರೆ, "ಆಗೋಯ್ತು ಬುಡಿ, ಆ ಜಾಗಕ್ಕೆ ಬೇರೆಯವ್ರು ಬಂದವ್ರೆ" ಅಂದರು. ಸಿದ್ದಲಕ್ಷ್ಮಮ್ಮನಿಗೂ ಫೋನಿನಲ್ಲೇ ಹೇಳಿದ್ದೆ. ಅವರು ನಿನಗೆ ಹೇಳಿದರೆ ನೀನು ನಕ್ಕು, "ಅಡವಿಯಪ್ಪ ಒಳ್ಳೇವ್ನು ಕಣೇ, ನನ್ ತಪ್ಪ ತಾನ್ ಹೊತ್ಕೋತಾವ್ನೆ" ಅಂದೆಯಂತೆ.

ನಾನು ಒಳ್ಳೆಯವನಲ್ಲ ಕಣಯ್ಯ. ನಿನ್ನ ಲೆಕ್ಕ ಸರಿಯಾಗಿತ್ತು.