ಬಾವಿಯೊಳಗೇ ಉಳಿದವನು

ಹರದನಹಳ್ಳಿ
14-7-2025, ಸೋಮವಾರ

ಪ್ರೀತಿಯ ಅಪ್ಪಾ,

ಉಸಿರು ಹೇಗಿದೆ? ಮಾತ್ರೆ ನುಂಗಿದ ಮೇಲಿನ ಎದೆಯುರಿ ಕಡಿಮೆಯಾಯಿತಾ? ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ನಿನಗೆ ಕೆಮ್ಮು ಹತ್ತುತ್ತದೆ, ಅದಕ್ಕೇ ಈ ಕಾಗದ. ಮೈಸೂರಿನ ಆಸ್ಪತ್ರೆ ಊಟ ಸೇರದಿದ್ದರೆ ಜೊತೆಗಿರುವ ಅಮ್ಮನಿಗೆ ಹೇಳು, ಎಲ್ಲಿಂದಾದರೂ ಮುದ್ದೆ ತರುತ್ತಾಳೆ. ಇಲ್ಲಿ ಪುಟ್ಟಿಗೆ ಆರು ತಿಂಗಳು ತುಂಬಿತು. ನಿದ್ದೆ ಅವಳಿಗೂ ಇಲ್ಲ, ನನಗೂ ಇಲ್ಲ. ಅವಳು ಒಂದು ಸಲ ಕೆಮ್ಮಿದರೆ ಸಾಕು, ಎದ್ದು ಕೂತು ಅವಳ ಎದೆಗೆ ಕಿವಿಯಿಡುತ್ತೇನೆ. ನಿನ್ನದೂ ಸಣ್ಣ ಕೆಮ್ಮಿನಿಂದಲೇ ತಾನೆ ಶುರುವಾದದ್ದು. ಬಿ.ಎ. ಓದಿದವಳು ಹೀಗೆ ಹೆದರುತ್ತಾಳಾ ಎಂದು, ಗುಂಡ್ಲುಪೇಟೆಯಿಂದ ವಾರಕ್ಕೊಮ್ಮೆ ಬರುವ ನಿನ್ನ ಅಳಿಯ ನಗುತ್ತಾರೆ.

ಪುಟ್ಟಿಯನ್ನು ಎತ್ತಿಕೊಂಡು ನಿನ್ನೆಯೂ ಚಾಮರಾಜನಗರಕ್ಕೆ, ನಿಮ್ಮ ಕಲ್ಲುಕೆಲಸಗಾರರ ಸಂಘದ ಕೋಣೆಗೆ ಹೋಗಿದ್ದೆ. ಭಾನುವಾರ ಎಲ್ಲರಿಗೂ ಪುಸ್ತಕ ಓದಿ ಹೇಳಲು ನಿನ್ನ ಬದಲು ನನ್ನನ್ನು ಕರೆದವರು ಅವರೇ; ಇದು ನಾಲ್ಕನೇ ವಾರ. ಕಾದಂಬರಿಯಲ್ಲಿ ನೀನು ಓದಿ ನಿಲ್ಲಿಸಿದ ಪುಟದಲ್ಲಿ ಬಾವಿ ತೋಡುವ ಮುದುಕ ನಲವತ್ತಡಿ ಆಳದಲ್ಲಿ ನಿಂತು ಹಗ್ಗ ಅಲ್ಲಾಡಿಸುತ್ತಿದ್ದಾನೆ. ಅಲ್ಲಿಂದ ಮುಂದೆ ಪುಟ ತಿರುಗಿಸಲು ಹೋದರೆ ನಿಮ್ಮ ಸಂಘದ ಕನಕರಾಜು ಮಾವ ಪುಸ್ತಕದ ಮೇಲೆ ಕೈಯಿಟ್ಟುಬಿಡುತ್ತಾರೆ. “ಒಬ್ಬ ಕೈ ಹಾಕಿದ್ ಕಲ್ಗೆ ಇನ್ನೊಬ್ಬ ಉಳಿ ಇಡಬಾರ್ದು ಕಣಮ್ಮಿ. ನಿಮ್ಮಪ್ಪ ಸುರು ಮಾಡವ್ನೆ, ಅವ್ನೇ ಬಂದು ಮುಗಿಸ್ಲಿ. ನೀನು ಓದಿದ್ನೇ ಓದು.” ಕ್ವಾರಿಯ ಆ ಕಟ್ಟಳೆಯನ್ನು ಪುಸ್ತಕಕ್ಕೂ ತಂದವನು ನೀನೇ ಅಂತೆ. ಹಿಡಿದದ್ದು ಮುಗಿಯದೆ ಇನ್ನೊಂದು ಪುಸ್ತಕ ತೆರೆಯುವಂತೆಯೂ ಇಲ್ಲ. ಹಾಗಾಗಿ ಅದೇ ಅಧ್ಯಾಯವನ್ನು ನಾಲ್ಕು ಸಲ ಓದಿದೆ. ಇಪ್ಪತ್ತು ಜನ ಬರುತ್ತಿದ್ದ ಕಡೆ ನಿನ್ನೆ ಏಳೇ ಜನ. ಜಲ್ಲಿ ಹೊರುವ ಶಿವಮ್ಮತ್ತೆ ಕಡಲೆಕಾಯಿ ಸುಲಿಯುತ್ತ, “ಆ ಮುದ್ಕ ತಿಂಗ್ಳಿಂದ ಒಳಗೇ ಅವ್ನಲ್ಲ ಕನಕಣ್ಣ, ಒಂದು ಮುದ್ದೆನಾದ್ರೂ ಇಳ್ಸಿಬುಡು ಅವ್ನ್ಗೆ” ಎಂದರು. ಎಲ್ಲರೂ ನಕ್ಕರು. ಮಾವನೂ ನಗುತ್ತಲೇ ಎದ್ದು ನಿನ್ನ ಕುರ್ಚಿಯ ಧೂಳು ಒರೆಸಿದರು. ಅದರಲ್ಲಿ ಯಾರೂ ಕೂರುವುದಿಲ್ಲ. ನಾನು ಬೆಂಚಿನ ಮೇಲೆ ಕೂತು ಓದುತ್ತೇನೆ. ಅವರೊಂದಿಗೆ ವಾದ ಮಾಡಬಹುದಿತ್ತು, ಗೆಲ್ಲಲೂಬಹುದಿತ್ತು. ಗೆದ್ದರೆ ನೀನು ಬರುವುದಿಲ್ಲವೆಂದು ನಾನೇ ಹೇಳಿದಂತಾಗುತ್ತದೆ.

ಅಮ್ಮನಿಗೆ ನನ್ನ ನಮಸ್ಕಾರ. ಹೊದ್ದುಕೊಂಡು ಮಲಗು. ಕೆಳಗಿನ ಗೀಟು ಪುಟ್ಟಿಯದು, ಪೆನ್ನು ಬಿಡುತ್ತಿಲ್ಲ.

ನಿನ್ನ
ಭಾನು

ತಾ.ಕ.: ಶುಕ್ರವಾರ ಡಾಕ್ಟರು ಹೇಳಿದ್ದನ್ನು ಅಮ್ಮ ನಿನಗೆ ಹೇಳಿಲ್ಲ, ಇಷ್ಟುದ್ದ ಬರೆದು ನಾನೂ ಹೇಳಲಿಲ್ಲ. ಮನೆಗೆ ಬಂದ ಮೇಲೂ ನೀನು ಗಟ್ಟಿಯಾಗಿ ಓದುವಂತಿಲ್ಲವಂತೆ ಅಪ್ಪಾ. “ಇನ್ನು ಭಾನು ಓದಲಿ” ಎಂದು ಒಂದು ಚೀಟಿ ಬರೆದು ಅಮ್ಮನ ಕೈಗೆ ಕೊಡು, ಮಾವನಿಗೆ ತೋರಿಸುತ್ತೇನೆ. ಮನಸ್ಸಾಗದಿದ್ದರೆ ಬರೆಯಬೇಡ. ಬರುವ ಭಾನುವಾರವೂ ಮುದುಕನನ್ನು ಬಾವಿಯಲ್ಲೇ ಬಿಟ್ಟು ಬರುತ್ತೇನೆ.