ಶ್ರೀದೇವಿಯ ಎತ್ತರದ ಬೆಂಚು

ಬ್ಯಾಡಗಿ,
2-11-2004

ನನ್ನ ಮುದ್ದಿನ ಮೊಮ್ಮಗಳು ಶ್ರೀದೇವಿಗೆ ಅಜ್ಜ ಶೇಖಪ್ಪನ ತುಂಬು ಆಶೀರ್ವಾದ.

ಹೇಗಿದ್ದೀ ತಾಯಿ? ಕೆಮ್ಮು ಕಡಿಮೆಯಾಯಿತೇ? ಅದು ಹುಬ್ಬಳ್ಳಿಯ ಧೂಳಿನ ಕೆಮ್ಮಲ್ಲ, ಮೋಟಾರಿಗೆ ಹಚ್ಚುವ ವಾರ್ನಿಷ್ ವಾಸನೆಯ ಕೆಮ್ಮು. ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ ನೀನು ಕೇಳುವವಳಲ್ಲ, ನನ್ನ ವಂಶದವಳಲ್ಲವೇ! ಹಾಸ್ಟೆಲಿನ ಅನ್ನ ತಿಂದು ತಿಂದು ಸೊರಗಿರುತ್ತೀ ಎಂದು ನಿನ್ನ ಅಜ್ಜಿ ಹೊನ್ನವ್ವ ದಿನಾ ಗೊಣಗುತ್ತಾಳೆ. ಇಲ್ಲಿ ಅವಳೂ ನಿಮ್ಮವ್ವನೂ ಆರಾಮ. ನನ್ನ ಮೊಣಕಾಲು ಮಾತ್ರ ಹಳೆಯ ಬಸ್ಸಿನ ಗೇರಿನಂತೆ ಒಮ್ಮೊಮ್ಮೆ ಸಿಕ್ಕಿಹಾಕಿಕೊಳ್ಳುತ್ತದೆ, ಉಳಿದಂತೆ ಗಾಡಿ ಓಡುತ್ತಿದೆ.

ನಿನ್ನ ಪತ್ರ ಬಂತು. ಈ ತಿಂಗಳ ಕೊನೆಗೆ ನಿನ್ನ ಅಪ್ರೆಂಟಿಸ್ ಮುಗಿಯುತ್ತದೆ, ಅಪ್ಪ ಒಪ್ಪಿದರೆ ಊರಿಗೆ ಬಂದು ಮೋಟಾರ್ ರಿಪೇರಿ ಅಂಗಡಿ ಹಾಕುತ್ತೇನೆ, ಇಲ್ಲದಿದ್ದರೆ ಹುಬ್ಬಳ್ಳಿಯಲ್ಲೇ ಮಾಲೀಕರ ಹತ್ತಿರ ಕೆಲಸಕ್ಕೆ ಉಳಿಯುತ್ತೇನೆ ಎಂದು ಬರೆದಿದ್ದೀ. ನಿಮ್ಮಪ್ಪ ಶಂಭುಲಿಂಗನಿಗೆ ಓದಿ ಹೇಳಿದೆ. ಅವನು ಊಟದ ತಾಟಿನಿಂದ ತಲೆ ಎತ್ತದೆ, "ಅದು ಗಂಡುಮಕ್ಕಳ ಕೆಲಸರಿ ಅಪ್ಪಾ. ಮಗಳು ಬೀದಿ ಖೋಲ್ಯಾಗ ಕುಂತು ಮೋಟಾರ್ ಬಿಚ್ಚಿದರ ಮಂದಿ ನಗ್ತಾರ" ಎಂದ. ಬೀದಿ ಕಡೆಯ ಖೋಲಿ ನನ್ನ ಹೆಸರಿನಲ್ಲಿದೆ, ಮೆಣಸಿನಕಾಯಿ ಚೀಲ ಎತ್ತಿ ಹೊರಗೆ ಹಾಕು ಎಂದು ನಾನು ಜೋರು ಮಾಡಬಹುದಿತ್ತು. ಆದರೆ ಅಪ್ಪನ ಮನಸ್ಸಿಲ್ಲದ ಅಂಗಡಿಗೆ ನೀನು ಕಾಲಿಡುವವಳಲ್ಲ ಎನ್ನುವುದು ನನಗೆ ಗೊತ್ತು. ಆದ್ದರಿಂದ ಬೇರೆ ವಿಚಾರ ಮಾಡಿದೆ. ಚೀಲ ತುಂಬಿದ ಖೋಲಿಯನ್ನು ತೋರಿಸಿ 'ಬೇಡ' ಎನ್ನುವುದು ಸುಲಭ. ಅದರ ನಡುವೆ ಗಟ್ಟಿಯಾದ ಕೆಲಸದ ಬೆಂಚೊಂದು ನಿಂತಿದ್ದರೆ ಅಷ್ಟು ಸುಲಭವಾಗಲಿಕ್ಕಿಲ್ಲ. ಚೀಲಗಳನ್ನೆಲ್ಲ ಹಿತ್ತಲಿಗೆ ಸಾಗಿಸಿ ಬೆಂಚು ಕಟ್ಟಲು ಶುರುಮಾಡಿಯೇ ಬಿಟ್ಟೆ.

ನಗಬೇಡ. ಜೀವನವಿಡೀ ಸ್ಟೇರಿಂಗ್ ಬಿಟ್ಟು ಬೇರೇನೂ ಹಿಡಿಯದವನು ನಾನು ಎನ್ನುವುದು ಖರೇ. ಆದರೆ ಡಿಪೋದ ಗ್ಯಾರೇಜಿನಲ್ಲಿ ಚಹಾ ಕುಡಿಯುತ್ತ ಎಷ್ಟು ಬೆಂಚುಗಳನ್ನು ನೋಡಿಲ್ಲ! ಟ್ರ್ಯಾಕ್ಟರ್ ಬಂದಮೇಲೆ ಹಿತ್ತಲಿನಲ್ಲಿ ಸುಮ್ಮನೆ ಬಿದ್ದಿದ್ದ ನಮ್ಮ ಚಕ್ಕಡಿಯನ್ನು ಬಿಚ್ಚಿದೆ. ಮಳೆ ಬಿಸಿಲು ತಿಂದರೂ ಹಲಗೆಗಳಿಗೆ ಹುಳ ಹತ್ತಿರಲಿಲ್ಲ, ಅಪ್ಪಟ ಜಾಲಿ ಕಟ್ಟಿಗೆ. ಅದಕ್ಕೆ ಮೊಳೆ ಹೊಡೆಯಹೋದರೆ ಮೊಳೆಗಳೆಲ್ಲ ನಮಸ್ಕಾರ ಮಾಡಿದಂತೆ ಬಾಗಿದವು. ಕಟ್ಟಿಗೆಯೇ ಸರಿಯಿಲ್ಲ ಎಂದು ನಾನು ಬೈದಾಗ ನಿನ್ನ ಅಜ್ಜಿ ಬಾಗಿಲಲ್ಲಿ ನಿಂತು, "ಕುಣೀಲಾರದಾಕಿ ನೆಲ ಡೊಂಕ ಅಂದಳಂತ" ಎಂದು ಹೋದಳು. ಕೊನೆಗೆ ಅಬ್ದುಲಗನಿಗೆ ಹೇಳಿಕಳಿಸಿದೆ. ನೆನಪಿದೆಯಲ್ಲ, ಗುತ್ತಲದ ಬಸ್ಸಿನಲ್ಲಿ ನನ್ನ ಕಂಡಕ್ಟರಾಗಿದ್ದ, ನಿನಗೆ ಪೆಪ್ಪರಮೆಂಟ್ ಕೊಡುತ್ತಿದ್ದ? ಅವನು ಬೈರಿಗೆ ತಂದು ತೂತು ಕೊರೆದ, ನಾನು ಬೋಲ್ಟು ಹಾಕಿ ಬಿಗಿದೆ. ರಿಟೈರಾದರೂ ಅವನ ಚಟ ಹೋಗಿಲ್ಲ ನೋಡು. ಹಲಗೆ ಎತ್ತುವಾಗ "ರೈಟ್ ರೈಟ್" ಎನ್ನುತ್ತಾನೆ, ಇಳಿಸುವಾಗ "ಹೋಲ್ಡಾನ್" ಎನ್ನುತ್ತಾನೆ. ನನಗೂ ಕಾಲು ತಾನಾಗಿಯೇ ಬ್ರೇಕಿನ ಕಡೆ ಹೋಗುತ್ತದೆ.

ಎಲ್ಲ ಮುಗಿದು ಬೆಂಚು ನಿಲ್ಲಿಸಿದಾಗ ಒಂದು ಫಜೀತಿಯಾಯಿತು. ನಾನು ಅಳತೆ ತೆಗೆದುಕೊಂಡದ್ದು ಕುರ್ಚಿಯಲ್ಲಿ ಕೂತು! ಕೂತೇ ನೌಕರಿ ಮುಗಿಸಿದವನಿಗೆ ನಿಂತು ಮಾಡುವ ಕೆಲಸದ ಅಳತೆ ಹೇಗೆ ಹೊಳೆಯಬೇಕು? ನಿಂತವರಿಗೆ ಅದು ತೊಡೆಯ ಮಟ್ಟಕ್ಕೆ ಬರುತ್ತಿತ್ತು. ಅಬ್ದುಲಗನಿ ಹೊಟ್ಟೆ ಹಿಡಿದುಕೊಂಡು ನಕ್ಕು, "ಡ್ರೈವರ್ ಸಾಹೇಬ್ರ, ಸೀಟಿಗೇನೋ ಸರಿ ಐತ್ರಿ, ಸ್ಟೇರಿಂಗ್ ಎಲ್ಲಿ?" ಎಂದ. ನಿನ್ನ ಅಜ್ಜಿಯಂತೂ, "ಇದು ಬೆಂಚಲ್ಲ, ಬಾಣಂತಿ ಹೊರಸು" ಎಂದು ಗಿಡ್ಡ ಮಂಚಕ್ಕೆ ಹೋಲಿಸಿಬಿಟ್ಟಳು. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ಮಧ್ಯಾಹ್ನ ಊಟ ಬಿಟ್ಟೆ. ಆದರೆ ಹಾದಿ ತೋರಿಸಿದವಳೂ ಅವಳೇ. ನೀನು ನನ್ನಂತೆ ಉದ್ದ, ಅಡುಗೆಮನೆಯ ಕಟ್ಟೆ ನಿಮ್ಮವ್ವನ ಎತ್ತರಕ್ಕೆ ಕಟ್ಟಿಸಿದ್ದು. ರೊಟ್ಟಿ ಬಡಿಯುವಾಗ ನಡು ನೋಯುತ್ತದೆ ಎಂದು ನೀನು ಹಲಗೆಯ ಕೆಳಗೆ ಇಟ್ಟಂಗಿ ಇಟ್ಟುಕೊಳ್ಳುತ್ತಿದ್ದೆಯಲ್ಲ, ಅವನ್ನು ಅಜ್ಜಿ ಎತ್ತಿ ಎಸೆದೇ ಇಲ್ಲ. "ಅಕಿ ಕೈ ರೊಟ್ಟಿ ಬಡಿಯಾಕ ಎಲ್ಲಿ ಬರ್ತಾವೋ, ಸುತ್ತಿಗಿ ಬಡಿಯಾಕೂ ಅಲ್ಲೇ ಬರ್ತಾವು. ಅಳತಿ ತಗೋರಿ" ಎಂದಳು. ಇಟ್ಟಂಗಿಗಳ ಮೇಲೆ ಹಲಗೆ ಇಟ್ಟು ಅಳೆದೆವು. ಕಾಲುಗಳು ಗಿಡ್ಡಾಗಿದ್ದವಲ್ಲ, ಅವನ್ನು ಉದ್ದ ಮಾಡಲು ರಾಣೆಬೆನ್ನೂರಿಗೆ ಹೋಗಿ ಗುಜರಿಯಲ್ಲಿ ಹುಡುಕಿ ಹಳೆಯ ಬಸ್ಸಿನ ಸೀಟಿನ ಕಬ್ಬಿಣ ತಂದು ಬೋಲ್ಟು ಹಾಕಿಸಿದೆ. ಈಗ ನಿನ್ನ ಬೆಂಚಿಗೆ ಮೇಲೆ ಚಕ್ಕಡಿ, ಕೆಳಗೆ ಬಸ್ಸು!

ಹೇಗೆ ನಿಂತಿದೆ ಅಂತೀ! ಬೀಸುಕಲ್ಲು ಎತ್ತಿಟ್ಟೆವು, ಕಿರ್ ಎನ್ನಲಿಲ್ಲ. ನಾನೂ ಅಬ್ದುಲಗನಿಯೂ ಹತ್ತಿ ನಿಂತೆವು, ಅಲುಗಲಿಲ್ಲ. ಒಂದು ತುದಿಗೆ ಸುತ್ತಿಗೆಯಿಂದ ಬಡಿದರೆ ಇನ್ನೊಂದು ತುದಿಯಲ್ಲಿಟ್ಟ ಚಹಾ ತುಳುಕಲಿಲ್ಲ. ಕಾಗಿನೆಲೆ ಕಡೆಗೆ ಹೋಗುವವರು ಬಾಗಿಲಲ್ಲಿ ಇಣುಕಿ ಯಾರಿಗಿದು ಎಂದು ಕೇಳುತ್ತಾರೆ. ನನ್ನ ಮೊಮ್ಮಗಳಿಗೆ, ಮೋಟಾರ್ ಕೆಲಸ ಕಲಿತಿದ್ದಾಳೆ ಎಂದು ಕೇಳದವರಿಗೂ ಕರೆದು ಹೇಳುತ್ತೇನೆ. ನಗುವವರು ನಗಲಿ, ಇದುವರೆಗೆ ಯಾರೂ ನಕ್ಕಿಲ್ಲ. ನನ್ನ ಕೈಯಿಂದ ಇಂಥದ್ದೊಂದು ಆದೀತೆಂದು ನಾನೇ ಅಂದುಕೊಂಡಿರಲಿಲ್ಲ ತಾಯಿ. ಬೆಳಿಗ್ಗೆ ಎದ್ದು ಮೊದಲು ಹೋಗಿ ಅದರ ಮೇಲೆ ಕೈಯಾಡಿಸಿ ಬರುತ್ತೇನೆ.

ಒಂದೇ ಕೊರತೆ. ನಿಮ್ಮಪ್ಪ ಇಷ್ಟೆಲ್ಲ ನಡೆಯುವಾಗ ಒಮ್ಮೆಯೂ ಒಳಗೆ ಕಾಲಿಡಲಿಲ್ಲ. ಒಂದು ದಿನ ಮಾತ್ರ ಹೊಲಕ್ಕೆ ಹೋಗುತ್ತ, "ಚಕ್ಕಡಿ ಮುರಿದು ಬೆಂಚ್ ಮಾಡೀರಿ, ನಾಳೆ ಮನಿ ಮುರಿದು ಏನ್ ಮಾಡ್ತೀರಿ?" ಎಂದ. ನಾನೂ ಬಿಡಲಿಲ್ಲ, "ಮಂದಿ ಬಾಯಿ ನೋಡೂದ ಬಿಡು, ನಿನ್ನ ಮಗಳ ಕೈ ನೋಡು" ಎಂದೆ. ಆಮೇಲೆ ನಮ್ಮಿಬ್ಬರ ನಡುವೆ ಮಾತು ಕಡಿಮೆ. ಅವನು ಕೆಟ್ಟವನಲ್ಲ, ಹೆದರಿಕೆಯವನು. ಬೆಂಚು ಕಟ್ಟುವುದು ನನ್ನಿಂದಾಯಿತು, ಅವನ ಮನಸ್ಸು ತಿರುಗಿಸುವುದು ಆಗಲಿಲ್ಲ. ಸುಳ್ಳು ಆಸೆ ಹಚ್ಚಿ ನಿನ್ನನ್ನು ಕರೆಸಲಾರೆ. ಹುಬ್ಬಳ್ಳಿಯಲ್ಲಿಯೇ ಉಳಿಯುತ್ತೇನೆಂದರೂ ನನಗೆ ಬೇಸರವಿಲ್ಲ, ಎಲ್ಲಿದ್ದರೂ ತಲೆ ಎತ್ತಿ ಕೆಲಸ ಮಾಡು. ದೀಪಾವಳಿಗಂತೂ ಬಂದು ಬೆಂಚು ನೋಡಿಕೊಂಡು ಹೋಗು.

ಕದರಮಂಡಲಗಿ ಆಂಜನೇಯ ನಿನ್ನ ತೋಳಿಗೆ ಬಲ ಕೊಡಲಿ. ಅಜ್ಜಿಯೂ ಅವ್ವನೂ ನಿನ್ನ ತಲೆ ಸವರಿದ್ದಾರೆಂದು ತಿಳಿ. ನಿನ್ನ ಮಾಲೀಕರಿಗೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ ಅಜ್ಜ,
ಶೇಖಪ್ಪ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೋ. ವೋಲ್ಟೇಜ್ ಇಲ್ಲದೆ ನಿನ್ನೆ ನಮ್ಮ ಹೊಲದ ಬಾವಿಯ ಮೋಟಾರು ಸುಟ್ಟಿತು. ಯಾವಾಗಿನ ಹಾಗೆ ನಿಮ್ಮಪ್ಪ ಅದನ್ನು ಹಾವೇರಿಗೆ ಒಯ್ಯುತ್ತಾನೆ ಎಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ನಮ್ಮ ಬಾಗಿಲಿಗೆ ನಿಲ್ಲಿಸಿದ. "ಅಪ್ಪಾ, ಒಂದ್ ಕೈ ಹಚ್ಚರಿ" ಎಂದ. ಇಬ್ಬರೂ ಎತ್ತಿ ನಿನ್ನ ಬೆಂಚಿನ ಮೇಲೆ ಇಟ್ಟೆವು. ಓಣಿಯವರೆಲ್ಲ ನೋಡುತ್ತಿದ್ದರು. ಮಗ್ಗುಲ ಹೊಲದವರ ಹತ್ತಿರ ನೀರು ಕೇಳಿ ಬಂದಿದ್ದಾನಂತೆ, ಅವರೂ ಎಷ್ಟು ದಿನ ಕೊಟ್ಟಾರು? ಹೋಗುವಾಗ ನನ್ನ ಮುಖ ನೋಡದೆ, "ಶ್ರೀದೇವಿಗೆ ಬರೀರಿ. ಅಕಿ ಬರೂತನಕ ಬ್ಯಾರೆ ಯಾರೂ ಇದನ್ನ ಬಿಚ್ಚಬಾರದು" ಎಂದ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಮಾಲೀಕರ ಹತ್ತಿರ ರಜೆ ಕೇಳು, ದೀಪಾವಳಿಯ ತನಕ ಕಾಯಬೇಡ. ಮೆಣಸಿನಗಿಡ ಹೂ ಹಿಡಿದಿದೆ, ಲಗೂ ಬಾ.