ಮಡಿಕೇರಿಗೆ ಕಟ್ಟಿದ ಚೀಲ

ಬಳ್ಳಾರಿ, ಮೂರನೇ ಬೇಸಿಗೆಯ ನಲವತ್ತೊಂದನೇ ದಿನ
ನಿಮ್ಮ ಲೆಕ್ಕದಲ್ಲಿ ೨೧೫೧ರ ಡಿಸೆಂಬರ್

ಗಂಗಾಂಬಿಕೆಯವರೇ,

ನಾನು ನಿಮ್ಮ ಮೊಮ್ಮಗಳ ಮೊಮ್ಮಗಳು. ನನ್ನ ಕೆಲವು ಪದಗಳು ನಿಮಗೆ ಒರಟಾಗಿ ಕೇಳಿಸಬಹುದು, ಮನ್ನಿಸಿ. ನಿಮ್ಮ ಪದಗಳು ನಮಗೆ ಕಥೆಯಂತೆ ಕೇಳಿಸುತ್ತವೆ.

ಒಂದು ಡಿಸೆಂಬರಿನಲ್ಲಿ ಮಡಿಕೇರಿಗೆ ಹೊರಡುವ ಮುನ್ನ ನೀವು ಬರೆದ ಪಟ್ಟಿ ನಮ್ಮ ಮನೆಯಲ್ಲಿದೆ. ಎರಡು ಸ್ವೆಟರ್, ಉಣ್ಣೆಯ ಟೋಪಿ, ಕಾಲುಚೀಲ, ಮಕ್ಕಳಿಗೆ ಮಫ್ಲರ್. ಕೊನೆಯಲ್ಲಿ ‘ಬೆಳಿಗ್ಗೆ ತುಂಬಾ ಚಳಿ, ಮರೆಯಬೇಡ’ ಎಂದು ಬರೆದು ಅಡಿಗೆರೆ ಎಳೆದಿದ್ದೀರಿ. ನಾನೂ ನನ್ನ ತಂಗಿ ಹಂಪವ್ವನೂ ಆ ಗೆರೆಯ ಮೇಲೆ ಬೆರಳಾಡಿಸುತ್ತ ಬೆಳೆದೆವು.

ನಮ್ಮ ಕಾಲದಲ್ಲಿ ಹೊರಡುವವರು ತಮ್ಮ ಚೀಲ ತಾವೇ ಕಟ್ಟುವುದಿಲ್ಲ. ಮನೆಯಲ್ಲಿ ಉಳಿಯುವವರು ಕಟ್ಟುತ್ತಾರೆ. ಊರು ಮುಟ್ಟುವ ಮೊದಲು ಬಿಚ್ಚಿ ನೋಡಿದರೆ ಕಟ್ಟಿದವರ ಮೇಲೆ ನಂಬಿಕೆಯಿಲ್ಲವೆಂದು ಅರ್ಥ. ಒಬ್ಬರಿಗೆ ಏಳು ಕೆ.ಜಿ. ಮಾತ್ರ. ಅದರಲ್ಲಿ ಮೊದಲು ಸೇರುವುದು ತಂಪಂಗಿ, ಎಂದರೆ ತಣ್ಣೀರಿನ ಸಣ್ಣ ಕೊಳವೆಗಳನ್ನು ಒಳಗೆ ಹೊಲಿದ ಅಂಗಿ. ಬಳ್ಳಾರಿಯ ಒಣಬಿಸಿಗೆ ಒದ್ದೆ ಬಟ್ಟೆ ಸುತ್ತಿಕೊಂಡರೂ ನಡೆಯುತ್ತದೆ. ಮಡಿಕೇರಿಯದು ಹಸಿಬಿಸಿ. ಅಲ್ಲಿ ಬೆವರು ಆರುವುದಿಲ್ಲ, ಮೈ ಒಳಗಿಂದಲೇ ಬೇಯುತ್ತದೆ.

ಹಂಪವ್ವನಿಗೆ ಅಲ್ಲಿ ಉಳಿದಿರುವ ಜೇನುಗೂಡುಗಳನ್ನು ಎಣಿಸುವ ಕೆಲಸ ಸಿಕ್ಕಿತು. ಅದೇ ವಾರ ಹವಾಮಾನದವರು ಮಡಿಕೇರಿಯಲ್ಲಿ ಚಳಿ ಬೀಳಬಹುದು ಎಂದರು. ನಲವತ್ತು ವರ್ಷಗಳಲ್ಲಿ ಅದೇ ಮೊದಲು. ‘ಬಹುದು’ ಎಂದಷ್ಟೇ ಅಂದಿದ್ದರು.

“ಅಕ್ಕಾ, ಚಳಿ ಅಂದ್ರ ಹೆಂಗಿರ್ತೈತಿ? ಪದ್ಯ ಓದಾಕಿ ನೀನು, ಹೇಳು ನೋಡೂನು” ಎಂದು ಹಂಪವ್ವ ಕೆಣಕಿದಳು.

“ಹೋಗಿ ಬಂದು ನೀನ ನನಗ ಹೇಳವ್ವ” ಎಂದೆ.

ನಿಮ್ಮ ಪಟ್ಟಿಯನ್ನು ಮುಂದಿಟ್ಟುಕೊಂಡು ಚೀಲ ಕಟ್ಟಿದೆ. ಹಳೆಯ ಉಣ್ಣೆ ಬಿಚ್ಚಿ ಸ್ವೆಟರ್ ಹೆಣೆದಿದ್ದೆ. ಟೋಪಿ ಇಟ್ಟೆ, ಕಾಲುಚೀಲ ಇಟ್ಟೆ. ತೂಕ ಒಂಬತ್ತಕ್ಕೆ ಬಂತು. ತಂಪಂಗಿ ಎರಡು ಕೆ.ಜಿ. ಇತ್ತು. ಅದನ್ನು ತೆಗೆದೆ.

ತಲುಪಿದ ದಿನ ಅವಳ ಸಂದೇಶ ಬಂತು. “ಸ್ವೆಟರ್ ಚಂದೈತಿ, ತೋಳು ಒಂಚೂರು ಉದ್ದ. ಚಳಿ ಇನ್ನಾ ಬಂದಿಲ್ಲ. ಕಾಯಾಕತ್ತೀನಿ.” ತಂಪಂಗಿಯ ಮಾತನ್ನೇ ಅವಳು ಎತ್ತಲಿಲ್ಲ. ಚೀಲದಲ್ಲಿ ಇಲ್ಲದ್ದನ್ನು ಕೇಳಿ ಕಟ್ಟಿದವರನ್ನು ನೋಯಿಸಬಾರದು ಎಂದು ಅವಳಿಗೆ ಚಿಕ್ಕಂದಿನಲ್ಲಿ ಕಲಿಸಿದವಳು ನಾನೇ. ಮೂರನೇ ದಿನ ಮಧ್ಯಾಹ್ನ ಮರದ ಬುಡದಲ್ಲಿ ಕುಳಿತವಳು ಮತ್ತೆ ಏಳಲಿಲ್ಲ. ಜೊತೆಯಲ್ಲಿ ಎಣಿಸುತ್ತಿದ್ದ ಬೋಜಮ್ಮ ಎಂಬಾಕೆ ತನ್ನ ತಂಪಂಗಿ ಬಿಚ್ಚಿ ಅವಳಿಗೆ ತೊಡಿಸಿದಳಂತೆ. ಹೊತ್ತು ಮೀರಿತ್ತು. ಚಳಿ ಆ ವರ್ಷವೂ ಬೀಳಲಿಲ್ಲ.

ನಿಮ್ಮನ್ನು ದೂರಲು ಬರೆಯುತ್ತಿಲ್ಲ. ನಿಮ್ಮ ಬೆಳಗುಗಳು ನಿಜವಾಗಿಯೂ ತಣ್ಣಗಿದ್ದವು, ನೀವು ಇದ್ದದ್ದನ್ನೇ ಬರೆದಿರಿ. ಆ ಬೆಳಗುಗಳ ಆಸೆಗೆ ಬಿದ್ದವಳು ನಾನು. ತಂಗಿಗೆ ಬೇಕಾದದ್ದನ್ನು ಬಿಟ್ಟು ನನಗೆ ಬೇಕಾದದ್ದನ್ನು ಅವಳ ಚೀಲಕ್ಕೆ ತುಂಬಿದೆ.

ಒಂದು ಬೇಡಿಕೆ ಇದೆ. ನಿಮ್ಮ ಕೈಯಲ್ಲಿ ಪೆನ್ನು ಇನ್ನೂ ಇದ್ದರೆ, ಪಟ್ಟಿಯ ಕೆಳಗೆ ‘ಈ ವರ್ಷಕ್ಕೆ ಮಾತ್ರ’ ಎಂದು ಬರೆಯಿರಿ. ಅದನ್ನು ಓದಿದ್ದರೆ ನಾನು ತಂಪಂಗಿ ತೆಗೆಯುತ್ತಿರಲಿಲ್ಲವೇನೋ. ಓದಿಯೂ ತೆಗೆಯುತ್ತಿದ್ದೆನೇನೋ. ಆದರೂ ಬರೆಯಿರಿ.

ನಿಮ್ಮ
ಸಿದ್ಧಲಿಂಗಿ